ಸೊನ್ನೆಯಿಂದ ಹತ್ತರ ತನಕ

ಬರೆದುಕೋ: ಬೆನೆಡಿಕ್ಟಾ ಮೊಂತೇರೊ, ಐವತ್ತೊಂದು,
ಆಯಾ, ಮೂಳೆ ವಾರ್ಡು, ಮೂರನೇ ಮಹಡಿ.
ಇಲ್ಲಿ ಎಲ್ಲರೂ ಕರೆಯುವುದು ಬೆನ್ನಿ ಬಾಯಿ ಅಂತ.
ನಗು ಬಂದರೆ ನಗು ಮಾರಾಯ್ತಿ,
ಹೆಸರಿನಲ್ಲೇ ಉಂಟು ರೋಗ.

ದಿನಕ್ಕೆ ಎಷ್ಟು ಕಿಲೋ ಎತ್ತುತ್ತೀರಿ?
ಕಿಲೋ ಗೊತ್ತಿಲ್ಲ, ದಕ್ಕೆಯ ಮೀನಲ್ಲ ತೂಗಲಿಕ್ಕೆ.
ಬೆಳಿಗ್ಗೆಯಿಂದ ಎತ್ತಿದ್ದು
ಸ್ಕೂಟರಿನಿಂದ ಬಿದ್ದ ಪುತ್ತೂರಿನ ಮಾಸ್ಟ್ರು,
ನನ್ನ ಕುತ್ತಿಗೆಗೆ ಜೋತುಬಿದ್ದು
ದೇವರನ್ನೆಲ್ಲ ಮಲಯಾಳದಲ್ಲಿ ಕರೆದ ಕಾಸರಗೋಡಿನ ಅಜ್ಜಿ,
ಕಾಲಿಗಿಂತ ಪ್ಲಾಸ್ಟರೇ ದೊಡ್ಡದಾದ ಒಬ್ಬ ಹುಡುಗ,
ಮತ್ತೆ ಒಂಬತ್ತನೇ ಮಂಚದ ಇದಿನಬ್ಬ, ನಾಲ್ಕು ಸಲ.

ಇಬ್ಬರು ಸೇರಿ ಎತ್ತಬೇಕೆಂದು ಗೋಡೆಯಲ್ಲಿ ಬರೆದುಂಟು.
ಗೋಡೆ ಎತ್ತಲಿಕ್ಕೆ ಬರುವುದಿಲ್ಲ.
ಎರಡನೆಯವಳು ವಾರಿಜ, ಡಿಸ್ಕು ಜಾರಿ
ತೊಕ್ಕೊಟ್ಟಿನ ಮನೆಯಲ್ಲಿ ಹಲಗೆಯ ಮೇಲೆ ಮಲಗಿದ್ದಾಳೆ.
ಪಾಳಿಯ ಪಟ್ಟಿಯಲ್ಲಿ ಮಾತ್ರ ದಿನಾ ಬರುತ್ತಾಳೆ.

ನೋವು ಯಾವಾಗ ಶುರುವಾಯಿತು?
ಹಾಗೆ ಕೇಳಿದರೆ ಎಂತ ಹೇಳಲಿ.
ನನ್ನಮ್ಮ ಬೀಡಿಯ ತಡಪೆ ಮಡಿಲಲ್ಲಿಟ್ಟು
ನಲವತ್ತು ವರ್ಷ ಬಗ್ಗಿ ಕೂತವಳು,
ಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಪೂರ್ತಿ ನೆಟ್ಟಗಾಗಲಿಲ್ಲ.
ಅಲ್ಲಿಂದ ಅಂತ ಬರೆಯಲಿಕ್ಕೆ ಜಾಗ ಉಂಟಾ ನಿನ್ನ ಫಾರಮಿನಲ್ಲಿ?

ಡಾಕ್ಟರು ರೋಗಿಗೆ ಹೇಳುತ್ತಾರೆ:
ಭಾರ ಎತ್ತಬೇಡಿ, ಬಗ್ಗಬೇಡಿ, ಆರು ವಾರ ವಿಶ್ರಾಂತಿ.
ಬೆಡ್‌ಪ್ಯಾನಿಗೆ ಬಗ್ಗಿದಲ್ಲಿಂದಲೇ ನಾನೂ ಕೇಳಿಸಿಕೊಳ್ಳುತ್ತೇನೆ.
ಒಳ್ಳೆಯ ಮಾತು.

ಇದಿನಬ್ಬ ಬಂದರಿನಲ್ಲಿ ಗೋಣಿ ಹೊತ್ತವರು.
ಮೆಣಸು, ಹೆಂಚು, ಲಕ್ಷದ್ವೀಪದ ಹಡಗಿಗೆ ಅಕ್ಕಿ.
ಸೊಂಟದ ಮೂಳೆ ಮುರಿದದ್ದು ಮಾತ್ರ
ಬರಿಗೈಯಲ್ಲಿ, ಬಚ್ಚಲಿನಲ್ಲಿ.
ಮೊನ್ನೆ ರಾತ್ರಿ ಅವರನ್ನು ಮಗ್ಗುಲಾಗಿಸುವಾಗ
ನನ್ನ ಬಾಯಿಂದ ಒಂದು ಸ್ವರ ಬಂತು.
ಕೈ ಹಿಡಿದು ನಿಲ್ಲಿಸಿದರು.
ದೂರ ಹಿಡಿಯಬೇಡ ಮಗಳೇ,
ದೂರ ಹಿಡಿದರೆ ಒಂದು ಗೋಣಿ ಎರಡಾಗುತ್ತದೆ.
ಮೊಣಕಾಲು ಮಡಿಸು. ಎದೆಗೆ ತಾಗಿಸಿಕೋ.
ಉಸಿರು ಬಿಡು. ಹಾಂ, ಈಗ.

ನೋವು ಕಡಿಮೆಯಾಯಿತು ಅಂತಲ್ಲ.
ಗೋಣಿಯೇ ಬಾಯಿ ಬಿಟ್ಟು
ತನ್ನನ್ನು ಎತ್ತುವುದು ಹೇಗೆಂದು ಹೇಳಿಕೊಟ್ಟದ್ದು
ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.
ಅವರ ಗಡ್ಡ ನನ್ನ ಕೆನ್ನೆಗೆ ಚುಚ್ಚಿತು,
ನಾಚಿ ಮುಖ ಆಚೆ ತಿರುಗಿಸಿದರು ಪಾಪ.

ಎಷ್ಟು ಅಂತ ಕೇಳಿದೆ ಅಲ್ಲ, ಸೊನ್ನೆಯಿಂದ ಹತ್ತರ ತನಕ?
ನಿಂತರೆ ಐದು. ಬಸ್ಸು ಬ್ರೇಕು ಹಾಕಿದರೆ ಒಂಬತ್ತು.
ಕೂತರೆ ಏಳು.
ನನ್ನ ಸೊಂಟ ಹೇಳುವುದೂ ಅದೇ,
ಇನ್‌ಚಾರ್ಜ್ ಸಿಸ್ಟರು ಹೇಳುವುದೂ ಅದೇ.

ನೀನೂ ಸ್ಟೂಲಿನಿಂದ ಏಳುವಾಗ
ಸೊಂಟಕ್ಕೆ ಕೈ ಕೊಟ್ಟೆ, ನೋಡಿದೆ.
ಇನ್ನು ಎಷ್ಟು ಫಾರಮು ಉಂಟು?
ಇಡು ಅಲ್ಲಿ. ಒಂಬತ್ತರಲ್ಲಿ ಬೆಲ್ಲಾಗುತ್ತಿದೆ.
ಆ ಕಡೆಯಿಂದ ಶೀಟು ಹಿಡಿ, ಅಷ್ಟು ದೂರದಿಂದಲ್ಲ,
ಹತ್ತಿರ ಬಾ.
ಒಂಜಿ, ರಡ್ಡ್