ಇನ್ನೊಂದು ಕಣ್ಣಿಗೆ

ಕೊಟ್ರೇಶಿ ಕೊಟ್ಟಾಗ ಅದು ಹೆಬ್ಬೆರಳಿನ ಉಗುರಿನಷ್ಟಿತ್ತು.
ಹಣ ಬೇಡವೆಂದ. "ಝೀನಿಯಾ ಮೇಡಂ, ಸಾಯಂಗಿಲ್ಲ ಬಿಡ್ರಿ."
ಆ ಮಾತಿನೊಳಗಿದ್ದ ಬೆದರಿಕೆ ನನಗೆ ಕೇಳಿಸಲು
ಹದಿನಾಲ್ಕು ತಿಂಗಳು ಹಿಡಿಯಿತು.

ನಿಟ್ಟುವಳ್ಳಿ, ಎರಡನೇ ಮಹಡಿ. ಕಡಲು ಇಲ್ಲಿಂದ
ಘಟ್ಟ ಇಳಿಯುವ ಒಂದು ರಾತ್ರಿ ಬಸ್ಸಿನಷ್ಟು ದೂರ.
ನಾನದನ್ನು ಭಾನುವಾರ ಬಕೆಟ್ಟಿನಲ್ಲಿ ಕಲಸುತ್ತೇನೆ,
ಫಿಲ್ಟರ್ ನೀರಿಗೆ ಪೊಟ್ಟಣದ ಉಪ್ಪು ತೂಗಿ ಸುರಿದು.
ಕೈ ಪ್ಲಾಸ್ಟರ್ ಕಲಸುವ ರೂಢಿಯಲ್ಲೇ ತಿರುಗುತ್ತದೆ:
ವಾರವಿಡೀ ಡೆಂಟಲ್ ಕಾಲೇಜಿನ ಹಿಂದಿನ ಲ್ಯಾಬಿನಲ್ಲಿ
ಪರರ ಬಾಯಿಗೆ ಹಲ್ಲು ಕಟ್ಟುವವಳು ನಾನು.

ಮೊದಲ ವರ್ಷ ಚಂದವಿತ್ತು.
ತಿಳಿಗುಲಾಬಿ ಅಂಗೈಗಳು
ಮುಚ್ಚಿ ತೆರೆದು, ಮುಚ್ಚಿ ತೆರೆದು.
ಪಕ್ಕದ ಮನೆಯ ಇಫ್ರಾ ಗಾಜಿಗೆ ಮೂಗೊತ್ತಿ
"ಆಂಟಿ, ನನ್ನ ಕರೀತಿದೆ" ಅಂದಳು.
ಕರೆಯುತ್ತಲೇ ಅದು ಕಲ್ಲು ದಾಟಿತು,
ಗಾಜು ಹತ್ತಿತು, ಪೈಪು ಹಿಡಿಯಿತು,
ನೀಲಿ ತುದಿಯ ಕೊಂಬಿನ ಹವಳದ ಬುಡಕ್ಕೆ ಬಂದು ನಿಂತಿತು.
ಆ ಹವಳವೋ, ವರ್ಷಕ್ಕೊಂದು ಬೆರಳು ಬೆಳೆಯುವ ಜೀವ,
ಅತ್ತ ಸರಿ ಎನ್ನಲೂ ಬಾರದು.

ಮೇಣದ ಚಾಕುವಿನಿಂದ ಕೆರೆದೆ.
ಒಂದಿದ್ದದ್ದು ಹನ್ನೆರಡಾಯಿತು.
ಕಲ್ಲನ್ನೇ ಎತ್ತಿ ಬರೀ ಮರಳಿನ ನಡುವೆ ಒಂಟಿಯಾಗಿಟ್ಟೆ.
ಚೂರೊಂದು ಕಳಚಿ, ತೇಲಿ, ತನಗೆ ಬೇಕಾದಲ್ಲಿ ಇಳಿಯಿತು.
ಫೋನ್ ಮಾಡಿದರೆ ಕೊಟ್ರೇಶಿ ನಕ್ಕ:
"ನಮ್ಮ ಅಂಗಡ್ಯಾಗೂ ಹಂಗೇ ಆಗಿತ್ರಿ,
ಅದಕ್ಕೇ ನಿಮಗ ಕೊಟ್ಟಿದ್ದು."

ಉಳಿದದ್ದು ಸುಣ್ಣ.
ಎಲೆಗೆ ಹಚ್ಚುವುದರ ಜಾತಿಯೇ, ತುಸು ಶುದ್ಧ.
ಬಿಸಿನೀರಲ್ಲಿ ಗಟ್ಟಿಮೊಸರಿನ ಹದಕ್ಕೆ ಕಲಸಿ,
ಲ್ಯಾಬಿನ ಸಿರಿಂಜಿಗೆ ತುಂಬಿ,
ಪಂಪು ನಿಲ್ಲಿಸಿ, ಉಸಿರು ನಿಲ್ಲಿಸಿ,
ಒಂದೊಂದರ ಬಾಯಿಗೆ.
ರಾತ್ರಿಗೆ ಎಂಟೇ. ಹೆಚ್ಚಾದರೆ ಮೀನು ತಡೆಯವು.
ಅಂಗೈ ಮುಷ್ಟಿಯಾಯಿತು.
ಮುಷ್ಟಿ ತೆರೆಯಲಿಲ್ಲ.
ಇಫ್ರಾಗೆ, ಅವು ಮಲಗಿವೆ ಅಂದೆ.

ಅದೇ ಡಬ್ಬಿ, ಅದೇ ಪುಡಿ.
ಕಲಕಿ, ತಿಳಿ ಬಸಿದು, ಇರುಳೆಲ್ಲ ಹನಿ ಹನಿ ಬಿಟ್ಟರೆ
ಕೊಂಬಿನ ಹವಳ ಕುಡಿದು ಮೂಳೆ ಕಟ್ಟುತ್ತದೆ.
ಬೆಣ್ಣೆದೋಸೆಯ ಊರಲ್ಲಿ ಹುಟ್ಟಿದವಳು ನಾನು,
ಅಕ್ಕನ ತಟ್ಟೆಯ ಬೆಣ್ಣೆಯುಂಡೆ ನೋಡಿ
ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದು
ಅಮ್ಮನ ಮೇಲೆ ಎರಡು ದಿನ ಮುನಿದವಳು.
ಎರಡೂ ಸುಣ್ಣವೇ ಇರಬಹುದು,
ನೀರಿನ ಲೆಕ್ಕವಷ್ಟೇ ಬೇರೆ ಎಂದು
ಆಗ ಯಾರು ಹೇಳಿದ್ದರು?

ಇವತ್ತು ಬೆಳಗ್ಗೆ ದೀಪ ಹಾಕಿದೆ.
ಹವಳದ ಬುಡ ಬರಿದಾಗಿತ್ತು. ಒಂದು ಹೊಸ ತುದಿ ಕೂಡ,
ಹಾಲುಹಲ್ಲಿನಂತೆ, ಬೆಳ್ಳಗೆ.
ಹಿಂಬದಿಯ ಗಾಜಿನಲ್ಲಿ, ಪೈಪಿನ ಮರೆಗೆ
ಸಾಸಿವೆಯಷ್ಟು ಒಂದು ಕೈ.
ಮುಚ್ಚಿತು. ತೆರೆಯಿತು.
ಸಿರಿಂಜಿನಲ್ಲಿ ಇನ್ನೂ ಅರ್ಧ ಎಂಎಲ್ ಇತ್ತು.