ಎಡಸುತ್ತಿನ ನೂಲು

ಮಟ್ಟುವಿನ ಬೀಡಿ ಬ್ರಾಂಚಿನಲ್ಲಿ
ಇಪ್ಪತ್ತೆಂಟು ವರ್ಷದ ಚೆಕ್ಕರ್ ನಾನು, ಐತಪ್ಪ.
ಕಣ್ಣು ಕಟ್ಟಿ ಕೂರಿಸಿದರೂ ತಡ್ಪೆಗೆ ಕೈಯಾಡಿಸಿ
ಯಾರು ಕಟ್ಟಿದ್ದೆಂದು ಹೇಳಿಯೇನು.
ಅಪ್ಪಿಯದು ಬಾಯಿ ಬಿಗಿ, ಅವಳದ್ದಲ್ಲ, ಬೀಡಿಯದ್ದು.
ಲಿಲ್ಲಿಬಾಯಿಯದು ಸೊಂಟ ಸಪೂರ.

ಹಾಗಿರುವಾಗ ಆಟಿ ಕಳೆದ ಮೊದಲ ಗುರುವಾರ
ವನಜಾಕ್ಷಿಯ ತಡ್ಪೆಯಲ್ಲಿ ಒಂದು ಕಟ್ಟು ಜಾಸ್ತಿ.
ಎಣಿಸಿದೆ. ಮತ್ತೆ ಎಣಿಸಿದೆ. ಅವಳೂ ಎಣಿಸಿದಳು.
ಕೊಟ್ಟ ಎಲೆಗೆ, ಕೊಟ್ಟ ಹೊಗೆಸೊಪ್ಪಿಗೆ
ನಲವತ್ತು ಕಟ್ಟು. ಇರುವುದು ನಲವತ್ತೊಂದು.
ಕಡಿಮೆ ಬಂದರೆ ಕಳ್ಳನನ್ನು ಹುಡುಕಬಹುದು,
ಜಾಸ್ತಿ ಬಂದರೆ ಯಾರನ್ನು ಹುಡುಕುವುದು?

"ಕುಲೆ" ಎಂದರು ಸಾಲಿನಲ್ಲಿದ್ದ ಹೆಂಗಸರು,
ಬಸ್ಸು ಬಂತು ಎಂದಷ್ಟೇ ಸಲೀಸಾಗಿ.
ನಾನು ಲೆಕ್ಕದ ಮನುಷ್ಯ, ನಂಬಲಿಲ್ಲ.
ವಾರವಾರವೂ ಬಂದ ಕಟ್ಟನ್ನು
ಸಾಕ್ಷಿಯೆಂದು ಮೇಜಿನ ಒಳಗಿಟ್ಟು ಬೀಗ ಹಾಕಿದೆ.
ವನಜಾಕ್ಷಿಯ ಜಗಲಿಗೆ ಬೂದಿ ಚೆಲ್ಲಿಸಿದೆ:
ಬೆಳಿಗ್ಗೆ ಬೆಕ್ಕಿನ ಹೆಜ್ಜೆ,
ಹೋದದ್ದು, ಬಂದದ್ದು, ನೆನಪಾಗಿ ಮತ್ತೆ ಹೋದದ್ದು.
ಅವಳ ನೂಲನ್ನು ಅರಸಿನ ನೀರಿನಲ್ಲಿ ಅದ್ದಿಸಿದೆ:
ನಲವತ್ತು ಕಟ್ಟು ಹಳದಿ,
ಆ ಒಂದು ಮಾತ್ರ ಬೆಳ್ಳಗೆ.
ಅದೂ ಎಡಕ್ಕೆ ಸುತ್ತಿದ ನೂಲು.

ಊರಿನಲ್ಲಿ ಎಡಗೈಯವ ಒಬ್ಬನೇ, ಸೋಡದ ಉಮರಬ್ಬ.
ವನಜಾಕ್ಷಿಯ ಸಾಲ ಬರೆಯಲು ಮರೆಯುವವ.
ಹೋಗಿ ಕೂತೆ. ಲಿಂಬೆಸೋಡಕ್ಕೆ ಉಪ್ಪು ಹಾಕಿಸಿದೆ.
ಮಾತಿನ ನಡುವೆ ಎಲೆಯೊಂದನ್ನು ಮುಂದಿಟ್ಟೆ,
"ಕಟ್ಟು ನೋಡುವ."
ಅವನು ಕಟ್ಟಿದ್ದು ಬೀಡಿಯಲ್ಲ,
ಗಾಳಿಗೆ ಬಿಚ್ಚಿದ ಮೂಡೆ.
ಅದನ್ನೇ ಕಿವಿಗೆ ಸಿಕ್ಕಿಸಿಕೊಂಡು
"ಚಂದ ಉಂಟಲ್ಲ ಐತಪ್ಪಣ್ಣ?" ಎಂದ.
ಪಟ್ಟಿಯಿಂದ ಅವನ ಹೆಸರು ಹೊಡೆದೆ.
ಪಟ್ಟಿಯಲ್ಲಿ ಬೇರೆ ಹೆಸರಿರಲಿಲ್ಲ.

ಅಲ್ಲ, ಒಂದಿತ್ತು. ಬರೆದಿರಲಿಲ್ಲ ಅಷ್ಟೆ.
ವನಜಾಕ್ಷಿಯ ಅತ್ತೆ ದೇಜಮ್ಮ.
ಕಳೆದ ಸುಗ್ಗಿಯಲ್ಲಿ ತೀರಿದವಳು, ಎಡಗೈಯವಳು.
ಕೊನೆಯ ವರ್ಷ ಅವಳ ಬೆರಳು ನಡುಗುತ್ತಿತ್ತು.

ವಾಚು ರಿಪೇರಿಯ ಜಯಕರನಿಂದ
ಭೂತಗನ್ನಡಿ ಕೇಳಿ ತಂದೆ.
ಅಂತೂ ಹೆಸರಿಗೆ ತಕ್ಕ ಕೆಲಸ ಸಿಕ್ಕಿತು ಅದಕ್ಕೆ.
ದೀಪದ ಕೆಳಗೆ ಒಂದೊಂದೇ ಬೀಡಿ ಹಿಡಿದೆ.
ನಡುವಿನಲ್ಲಿ ಸಣ್ಣ ಗೆರೆ. ಒಂದಲ್ಲ, ಜೋಡಿಗೆರೆ.
ಮುರಿದದ್ದು ಮತ್ತೆ ಕೂಡಿದ ಹಾಗೆ.
ಇಪ್ಪತ್ತೈದರಲ್ಲೂ ಅದೇ ಜಾಗದಲ್ಲಿ.

ನನ್ನ ಬಲ ಹೆಬ್ಬೆರಳ ಉಗುರು ಸೀಳು,
ಚಿಕ್ಕಂದಿನಲ್ಲಿ ದೋಣಿಯ ಹಗ್ಗಕ್ಕೆ ಸಿಕ್ಕಿದ್ದು.
ಚಂದವಿಲ್ಲದ ಬೀಡಿಯನ್ನು ಕಟ್ಟಿದವಳ ಕಣ್ಣೆದುರೇ
ಈ ಉಗುರು ಒತ್ತಿಯೇ ಮುರಿದು ಡಬ್ಬಕ್ಕೆ ಹಾಕುವುದು.
ಮುರಿದದ್ದಕ್ಕೆ ದುಡ್ಡಿಲ್ಲ.
ಹೊಗೆಸೊಪ್ಪು ಮಾತ್ರ ಪುನಃ ನಮ್ಮದೇ.

ದೇಜಮ್ಮನ ಹಳೆಯ ಪಾಸುಪುಸ್ತಕ ತೆಗೆದೆ.
ಕೆಂಪು ಶಾಯಿ, ನನ್ನದೇ ಚಂದದ ಅಕ್ಷರ:
ಕಟ್ಟು ಎರಡು, ರದ್ದು. ಕಟ್ಟು ಮೂರು, ರದ್ದು.
ಕೂಡಿಸಿದರೆ ಹತ್ತೊಂಬತ್ತು.

ಕಳ್ಳ ಸಿಕ್ಕಿದ ಮೇಲೆ ಪತ್ತೇದಾರ ಏನು ಮಾಡುತ್ತಾನೋ.
ನಾನು ಒಂದು ಚಾ ಕುಡಿದೆ.
ಗುರುವಾರ ಮೇಜಿನ ಬೀಗ ತೆಗೆದು
ಇದ್ದ ಕಟ್ಟುಗಳನ್ನೆಲ್ಲ ಪಾಸು ಮಾಡಿದೆ,
ವನಜಾಕ್ಷಿಯ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ.
ಅವಳು ನನ್ನ ಮುಖ ನೋಡಿದಳು.
ನಾನು ತಕ್ಕಡಿ ನೋಡಿದೆ.

ಆಮೇಲೆ ಪ್ರತಿ ವಾರ ಒಂದು. ಹತ್ತೊಂಬತ್ತಕ್ಕೆ ನಿಂತಿತು.
ಲೆಕ್ಕದವಳು ಅವಳೂ.

ನಿಂತ ದಿನ ರಾತ್ರಿ ಬ್ರಾಂಚಿನ ಹಿಂದೆ
ಬಾಳೆಲೆಯ ತುಂಡಿನಲ್ಲಿ ಐದು ಗೋಳಿಬಜೆ ಇಟ್ಟೆ,
ನಾನೇ ಕರಿದದ್ದು. ಸಕ್ಕರೆ ಜಾಸ್ತಿ ಹಾಕಿದ ಚಾ.
ಬೆಳಿಗ್ಗೆ ಗ್ಲಾಸು ಖಾಲಿ, ಗೋಳಿಬಜೆ ಒಂದೇ ಒಂದು ಬಾಕಿ.
"ಬೆಕ್ಕು" ಎಂದ ಉಮರಬ್ಬ.
ಇರಬಹುದು.
ಆ ಒಂದನ್ನು ಸರೀ ನಡುವಿಗೆ ಮುರಿದು
ಬದಿಗೆ ಇಟ್ಟಿತ್ತು.
ಬಗ್ಗಿ ನೋಡಿದೆ:
ಒಳಗೆ ಹಸಿಹಿಟ್ಟು.