ಸ್ಟೆಪ್ನಿ

ಬಂಪರ್ ಕತ್ತರಿಸಿ ಮೊಯ್ದು ವಿಂಚ್ ಕೂರಿಸಿದ ದಿನ
ಜೀಪು ಎರಡಿಂಚು ಮೂಗು ಬಗ್ಗಿಸಿತು.
ಹೆಡ್‌ಲೈಟು ರಸ್ತೆ ಬಿಟ್ಟು
ಚಕ್ರದ ಮುಂದಿನ ಕಲ್ಲನ್ನೇ ನೋಡತೊಡಗಿತು.
‘ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಬೇಕಕ್ಕ,
ಈ ಬ್ಯಾಟರಿಯೂ ಸಾಲದು’ ಅಂದ.
ಸಾಲದ್ದು ಎಷ್ಟೊಂದು.

ಬೆಳಿಗ್ಗೆ ಇದರಲ್ಲೇ ಮಕ್ಕಂದೂರಿನಿಂದ ಮಡಿಕೇರಿಗೆ
ಹಾಲಿನ ಕ್ಯಾನು, ಐದು ಮಕ್ಕಳು, ಒಬ್ಬಳು ನರ್ಸು.
ಹಗ್ಗದ ಕೆಸರು ಯೂನಿಫಾರಮ್ಮಿಗೆ ಹತ್ತಿತೆಂದು
ಲಿಲ್ಲಿ ಟೀಚರ್ ಬರೆದ ಚೀಟಿ ಇನ್ನೂ ಡ್ಯಾಶ್‌ಬೋರ್ಡಿನಲ್ಲಿದೆ.
ಮಧ್ಯಾಹ್ನ ಫೋನು:
ಮಾಂದಲಪಟ್ಟಿ ದಾರಿ, ಬಿಳಿ ಕಾರು,
ಹೊಟ್ಟೆ ಮಣ್ಣಿಗೆ ತಾಗಿದೆ.

ಮರಕ್ಕೆ ಬರಿ ಹಗ್ಗ ಕಟ್ಟುವವಳಲ್ಲ ನಾನು.
ಲಾರಿಯ ಅಗಲ ಪಟ್ಟಿ ಸುತ್ತುತ್ತೇನೆ, ತೊಗಟೆ ಸುಲಿಯಬಾರದು.
ಬಿಗಿದ ಹಗ್ಗದ ಮೇಲೆ ಒದ್ದೆ ಗೋಣಿ ಹೊದಿಸುತ್ತೇನೆ;
ತುಂಡಾದ ಹಗ್ಗಕ್ಕೆ ಮುಖದ ಪರಿಚಯವಿಲ್ಲ.

ಮೊನ್ನೆ ನಾನೇ ಹೂತೆ.
ಬೋಳುಗುಡ್ಡ, ಹುಲ್ಲು, ಮಂಜು.
ಮರವೆಂಬುದು ಅರ್ಧ ಮೈಲಿ ಕೆಳಗೆ.
ಎಳೆಯುವ ಯಂತ್ರವಿದೆ,
ಹಿಡಿದುಕೊಳ್ಳುವವರಿಲ್ಲ.

ಗುದ್ದಲಿ ತೆಗೆದು ತೊಡೆಮಟ್ಟ ಅಗೆದೆ.
ಸ್ಟೆಪ್ನಿ ಇಳಿಸಿ, ಸರಪಳಿ ಸುತ್ತಿ,
ಮಣ್ಣು ಮುಚ್ಚಿ ತುಳಿದೆ.
ಕೈ ಮುಗಿಯಬೇಕೆನಿಸಿತು ಒಂದು ಕ್ಷಣ.
ಮುಗಿಯಲಿಲ್ಲ.

ಸ್ವಿಚ್ಚು ಒತ್ತಿದೆ.
ಒಳಗಿನ ಚಕ್ರ ಒಂದು ಗೇಣು ಸರಿದು
ನಿಂತಿತು.
ಜೀಪು ಬಂತು.

ಅದನ್ನು ಮತ್ತೆ ಅಗೆದು ತೆಗೆಯಲು ಮುಕ್ಕಾಲು ಗಂಟೆ.
ಮಕ್ಕಳು ಗೇಟಿನ ಬಳಿ ಕಾದು ಕೂತಿದ್ದವು,
ತಡವೇಕೆಂದು ಯಾವುದೂ ಕೇಳಲಿಲ್ಲ,
ಕಿಟಕಿ ಸೀಟಿಗೆ ಜಗಳ ಶುರು.

ಸ್ಟೆಪ್ನಿ ಇನ್ನೂ ತೊಳೆದಿಲ್ಲ.
ವಾಲ್ವಿನ ಪಕ್ಕ ಹುಲ್ಲಿನ ಬೇರೊಂದು
ಹಿಡಿದುಕೊಂಡೇ ಇದೆ.